‘ವಿಕೇಂದ್ರೀಕೃತ’ ಅಂದರೆ ಕೇಂದ್ರ ಸರ್ಕಾರದ್ದಾ? – ಒಂದು ಪದದ ವಿಚಾರ

ಗೆಳೆಯರಿಗೆ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದ ತಲೆ ಬಿಟ್ಟು ಹೋಗುತ್ತಿಲ್ಲ. ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹಾಸನದಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿ, ಕ್ರಯಪತ್ರ. ದಿನವಿಡೀ ಕನ್ನಡ ಟೈಪ್ ಮಾಡುವುದೇ ಕೆಲಸ. ನನ್ನ ತಂಗಿಯನ್ನು ಮೂಡಿಗೆರೆ ಕಡೆ ಕೊಟ್ಟಿದೆ. ಅವಳ ಮಗಳಿಗೆ ಬರೆಯುವ ಹುಚ್ಚು. ತೋಟದ ಮಳೆ ಲೆಕ್ಕ, ಮೆಣಸಿನ ರೇಟು, ಪಂಚಾಯ್ತಿ ರಾಜಕೀಯ, ಆನೆ ಬಂದು ಹೋದದ್ದು, ಅಜ್ಜಿ ಮಾಡಿದ ಕಳಲೆ ಪಲ್ಯ, ಎಲ್ಲವನ್ನೂ ಬರೆಯುತ್ತಾಳೆ. ‘ರಾತ್ರಿ 1 ಇಂಚು 20 ಸೆಂಟ್ ಬಂತು. ಹೂಮಳೆ ಸಾಕು, ಇನ್ನು ಬ್ಯಾಕಿಂಗ್ ಮಳೆಗೆ ಕಾಯಬೇಕು’ ಅಂತ ಶುರು ಮಾಡಿ ಗ್ರಾಮಸಭೆಯಲ್ಲಿ ಯಾರು ಏನಂದರು ಅಂತ ಮುಗಿಸುತ್ತಾಳೆ. ಇದನ್ನೆಲ್ಲ ಒಂದು ದೊಡ್ಡ ಜಾಲತಾಣದಲ್ಲಿ ಹಾಕುತ್ತಿದ್ದಳು. ಒಂದು ದಿನ ಬೆಳಿಗ್ಗೆ ನೋಡಿದರೆ ಅವಳ ಪುಟವೇ ಇಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಮೂರು ವರ್ಷದ ಮಳೆ ಲೆಕ್ಕ ಹೋಯಿತು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಅವಳು ಹೈವ್ ಅನ್ನುವ ಜಾಲದಲ್ಲಿ ಬರೆಯುತ್ತಾಳೆ. ಅಲ್ಲಿ ಬರೆದದ್ದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಪ್ರತಿ ಇರುವ ಒಂದು ಲೆಕ್ಕದ ಪುಸ್ತಕದಲ್ಲಿ ಸೇರುತ್ತದೆ. ಓದಿದವರು ಮೆಚ್ಚಿ ಮತ ಹಾಕಿದರೆ ಏಳು ದಿನ ಕಳೆದ ಮೇಲೆ ಅದರದೇ ಕ್ರಿಪ್ಟೋ ನಾಣ್ಯ (ಕಂಪ್ಯೂಟರ್ ಲೆಕ್ಕದಲ್ಲಷ್ಟೇ ಇರುವ ನಾಣ್ಯ) ಸ್ವಲ್ಪ ಬರುತ್ತದೆ. ತನ್ನ ಗೆಳತಿಯರಿಗೆ ತಿಳಿಯಲಿ ಅಂತ ನಾಲ್ಕು ಪುಟದ ಒಂದು ಪರಿಚಯ ಬರೆದು, ‘ದೊಡ್ಡಮ್ಮ, ನೀವೇ ಕನ್ನಡ ತಿದ್ದಿ ಪ್ರಿಂಟ್ ಮಾಡಿಕೊಡಿ’ ಅಂದಳು. ತಲೆಬರಹ: ‘ವಿಕೇಂದ್ರೀಕೃತ ಸಾಮಾಜಿಕ ಜಾಲತಾಣ ಎಂದರೇನು?’

ಪ್ರೂಫ್ ಮೇಜಿನ ಮೇಲಿತ್ತು. ಆಲೂರು ಕಡೆಯ ಹಿರಿಯರೊಬ್ಬರು ಖಾತೆ ಬದಲಾವಣೆ ಅರ್ಜಿಗೆ ಕಾಯುತ್ತಾ ಕೂತಿದ್ದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

‘ಇದು ಕೇಂದ್ರ ಸರ್ಕಾರದ್ದೇನಮ್ಮಾ?’

‘ಅಲ್ಲ ಸ್ವಾಮಿ, ಇದಕ್ಕೆ ಕೇಂದ್ರವೇ ಇಲ್ಲ ಅಂತ ಅರ್ಥ’ ಅಂದೆ.

‘ಅಧಿಕಾರ ವಿಕೇಂದ್ರೀಕರಣ ನಂಗೆ ಗೊತ್ತು. ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದೋನು ನಾನು. ಅದನ್ನ ನಮಗೆ ಹೆಗಡೆಯವರು, ನಜೀರ್ ಸಾಬ್ರು ಕೊಟ್ರು. ಇದನ್ನ ಇವರಿಗೆ ಯಾರು ಕೊಟ್ಟಿದ್ದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದರೆ ಅವರು ಸರಿಯಾದ ಕಡೆಯೇ ಬೆರಳಿಟ್ಟಿದ್ದರು. ನಮ್ಮಲ್ಲಿ ‘ವಿಕೇಂದ್ರೀಕರಣ’ ಅನ್ನುವ ಪದಕ್ಕೆ ಒಂದು ಚರಿತ್ರೆ ಇದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. 1983ರಲ್ಲಿ ಕಾಯ್ದೆ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆ. ಸಂವಿಧಾನದ 73ನೇ ತಿದ್ದುಪಡಿ ಆದ ಮೇಲೆ 1993ರ ಕಾಯ್ದೆ ಬಂತು, ಈಗಿನ ಮೂರು ಹಂತದ ಪಂಚಾಯಿತಿಗಳು ಬಂದವು. ಈ ಕಥೆಯಲ್ಲಿ ಮೇಲೆ ಒಬ್ಬರು ಇದ್ದಾರೆ. ಅವರು ಕೆಳಕ್ಕೆ ಕೊಡುತ್ತಾರೆ. ಕೊಟ್ಟವರು ಬೇಕಾದರೆ ವಾಪಸ್ ತೆಗೆದುಕೊಳ್ಳಲೂಬಹುದು. ಹಳ್ಳಿಯಲ್ಲಿ ರಾಜಕೀಯ ಮಾಡಿದವರ ಕಿವಿಗೆ ಈ ಪದ ಬಿದ್ದರೆ ಕೇಳುವುದು ‘ಕೊಡುವುದು’ ಅನ್ನುವ ಅರ್ಥವೇ.

ಪದದ ಕಟ್ಟಡವೂ ಹಾಗೇ ಇದೆ ಅಲ್ವಾ? ರಾಷ್ಟ್ರೀಕರಣ, ಖಾಸಗೀಕರಣ, ವಿಕೇಂದ್ರೀಕರಣ. ‘ಕರಣ’ ಬಂದ ಕಡೆ ಮಾಡುವವರು ಒಬ್ಬರು ಇರಬೇಕು. ‘ವಿಕೇಂದ್ರೀಕೃತ’ ಅಂದಾಗ ಮೊದಲು ಒಂದು ಕೇಂದ್ರ ಇತ್ತು, ಯಾರೋ ಅದನ್ನು ಒಡೆದು ಹಂಚಿದರು ಅನ್ನುವ ಭಾವ ಬರುತ್ತದೆ. ಆದರೆ ಬಿಟ್‌ಕಾಯಿನ್ ಅನ್ನುವ ಕ್ರಿಪ್ಟೋ ನಾಣ್ಯದ ಕಥೆ ಬೇರೆ. 2008ರ ಅಕ್ಟೋಬರ್ 31ಕ್ಕೆ ಸತೋಶಿ ನಕಾಮೊಟೊ ಅನ್ನುವ ಹೆಸರಿನಲ್ಲಿ ಅದನ್ನು ವಿವರಿಸುವ ಒಂದು ಲೇಖನ ಬಂತು. 2009ರ ಜನವರಿ 3ಕ್ಕೆ ಮೊದಲ ಬ್ಲಾಕ್, ಅಂದರೆ ಆ ಲೆಕ್ಕದ ಮೊದಲ ಪುಟ ಹುಟ್ಟಿತು. ಅದಕ್ಕೆ ಒಡೆಯಲು ಕೇಂದ್ರವೇ ಇರಲಿಲ್ಲ. ಲೆಕ್ಕದ ಪ್ರತಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳುವ ಹಾಗೆಯೇ ಶುರುವಿನಿಂದ ಅದನ್ನು ಕಟ್ಟಿದ್ದರು.

‘ಕೇಂದ್ರ’ ಅನ್ನುವುದೂ ಹೊರಗಿನಿಂದ ಬಂದ ಪದವೇ. ಗ್ರೀಕರ ‘ಕೆಂಟ್ರಾನ್’ ಜ್ಯೋತಿಷ್ಯದ ದಾರಿಯಲ್ಲಿ ಸಂಸ್ಕೃತಕ್ಕೆ ಬಂದು, ಅಲ್ಲಿಂದ ನಮಗೆ ಬಂತು. ಇವತ್ತು ಅದಕ್ಕೆ ನಮ್ಮೂರಲ್ಲಿ ಎರಡೇ ಅರ್ಥ. ಒಂದು ದೆಹಲಿ. ಇನ್ನೊಂದು ಆರೋಗ್ಯ ಕೇಂದ್ರ, ಅಂಗನವಾಡಿ ಕೇಂದ್ರದ ಥರ ಜನ ಹೋಗುವ ಜಾಗ. ಆ ಹಿರಿಯರು ಹಾಗೆ ಕೇಳಿದ್ದರಲ್ಲಿ ಏನೂ ತಪ್ಪಿಲ್ಲ.

ಇಲ್ಲಿ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಸಕಲೇಶಪುರದ ಹತ್ತಿರ ನಮಗೆ ಮೂರು ಎಕರೆ ಕಾಫಿ ಇತ್ತು. ಆಗ ಬೆಳೆದ ಕಾಫಿಯನ್ನು ಬೆಳೆಗಾರ ತಾನೇ ಮಾರುವ ಹಾಗಿರಲಿಲ್ಲ. 1942ರ ಕಾಯ್ದೆ ಪ್ರಕಾರ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ಕಡೆಗೆ ಹಾಕಬೇಕು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಮೊದಲು ಸ್ವಲ್ಪ ಪಾಲು ಬಿಟ್ಟರು, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಅದನ್ನು ವಿಕೇಂದ್ರೀಕರಣ ಅಂತ ಅಪ್ಪ ಒಂದು ದಿನವೂ ಕರೆಯಲಿಲ್ಲ. ‘ಪೂಲ್ ಹೋಯ್ತು’ ಅಂದರು. ಊರೆಲ್ಲ ಹಾಗೇ ಅಂದಿತು. ಏನು ಹೋಯಿತು ಅನ್ನುವುದನ್ನು ಹೆಸರಿಟ್ಟು ಹೇಳಿದರು, ಎಲ್ಲರಿಗೂ ತಿಳಿಯಿತು. ತಂಗಿಯ ಮಗಳ ಕರಪತ್ರಕ್ಕೂ ಅಂಥದ್ದೇ ಒಂದು ಮಾತು ಬೇಕು.

‘ಒಕ್ಕೂಟ’ ಅನ್ನೋಣವೇ ಅಂತ ನೋಡಿದೆ. ಹಾಸನದವರಿಗೆ ಹಾಲು ಒಕ್ಕೂಟದಿಂದ ಈ ಪದ ಮನೆಮಾತು. ಆದರೆ ಇದು ಕೂರುವುದು ಹೈವ್‌ಗಲ್ಲ, ಮಾಸ್ಟೊಡಾನ್ ಅನ್ನುವ ಇನ್ನೊಂದು ಸಾಮಾಜಿಕ ಜಾಲತಾಣಕ್ಕೆ. ಅದನ್ನು 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಶುರು ಮಾಡಿದರು. 2019ರ ಕೊನೆಗೆ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ ನಮ್ಮ ದೇಶದ ಎಷ್ಟೋ ಜನ ಅತ್ತ ಹೊರಟಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಸಾವಿರಾರು ಸರ್ವರ್‌ಗಳಿವೆ (ಸರ್ವರ್ ಅಂದರೆ ಜಾಲತಾಣ ನಡೆಸುವ ಕಂಪ್ಯೂಟರ್). ಒಂದೊಂದನ್ನೂ ನೋಡಿಕೊಳ್ಳುವವರು ಬೇರೆ ಬೇರೆ, ಅವರವರದೇ ನಿಯಮ. ಆದರೂ ಒಂದರಲ್ಲಿ ಇರುವವರು ಇನ್ನೊಂದರವರ ಜೊತೆ ಮಾತಾಡಬಹುದು. ಊರೂರಿನ ಹಾಲಿನ ಸೊಸೈಟಿ ಇದ್ದ ಹಾಗೆ. ಮಾಸ್ಟೊಡಾನ್‌ನಲ್ಲಿ ಹೆಸರಿನ ಜೊತೆ ಸರ್ವರ್ ಹೆಸರೂ ಹೇಳಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರು ಇರುವುದಿಲ್ಲವೇ, ಹಾಗೆ. ಎಚ್.ಡಿ. ದೇವೇಗೌಡರ ಎಚ್ ಹರದನಹಳ್ಳಿ. ಅದಕ್ಕೇ ಸರ್ವರ್‌ಗೆ ‘ಊರು’ ಅಂತಲೇ ಕರೆದರೆ ಚೆಂದ ಅನ್ನಿಸುತ್ತದೆ. ‘ನೀವು ಮಾಸ್ಟೊಡಾನ್‌ನಲ್ಲಿ ಯಾವ ಊರಿನವರು?’

ಹೈವ್ ಹಾಗಲ್ಲ. ಮಾಸ್ಟೊಡಾನ್‌ನಲ್ಲಿ ಒಂದು ಊರು ಮುಚ್ಚಿದರೆ ಅಲ್ಲಿ ಬರೆದದ್ದೂ ಅದರ ಜೊತೆ ಹೋಗಬಹುದು. ಹೈವ್‌ನಲ್ಲಿ ಒಂದೇ ಲೆಕ್ಕದ ಪುಸ್ತಕ, ಅದರ ಪ್ರತಿ ಎಷ್ಟೋ ಕಂಪ್ಯೂಟರ್‌ಗಳಲ್ಲಿ. ಬರೆದದ್ದನ್ನು ತಿದ್ದಬಹುದು, ಆದರೆ ಮೊದಲು ಬರೆದದ್ದೂ ಅಲ್ಲೇ ಉಳಿಯುತ್ತದೆ. ಇಷ್ಟು ಬೇರೆ ಬೇರೆ ಇರುವ ಎರಡಕ್ಕೂ ನಮ್ಮ ಪತ್ರಿಕೆಗಳು ‘ವಿಕೇಂದ್ರೀಕೃತ’ ಅಂತ ಒಂದೇ ಪದ ಹಾಕುತ್ತವೆ. ಅದು ನನಗೆ ಒಪ್ಪಿಗೆಯಿಲ್ಲ.

ಆ ಪುಸ್ತಕಕ್ಕೆ ‘ಕಡತ’ ಅನ್ನೋಣ ಅಂತಲೂ ಅಂದುಕೊಂಡಿದ್ದೆ. ಈಗ ಕಡತ ಅಂದರೆ ಕಚೇರಿ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳಿವೆ. ಆದರೆ ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸಲು ಬರದ ಪುಸ್ತಕಕ್ಕೆ ಒರೆಸಬಹುದಾದ ಪುಸ್ತಕದ ಹೆಸರು ಬೇಡ ಅಂತ ಕೈಬಿಟ್ಟೆ.

ನನ್ನ ಮುಖ್ಯ ಪ್ರಶ್ನೆ ಈಗ ಬರುತ್ತದೆ. ಹೈವ್‌ನಲ್ಲಿ ಲೆಕ್ಕ ಬರೆಯುವವರಿಗೆ ಅವರು ಇಟ್ಟಿರುವ ಹೆಸರು ‘ವಿಟ್‌ನೆಸ್’. ನಾಣ್ಯ ಇಟ್ಟುಕೊಂಡವರು ಮತ ಹಾಕಿ ಇವರನ್ನು ಆರಿಸುತ್ತಾರೆ. ಮುಂದಿನ ಸಾಲಿನಲ್ಲಿ 20 ಜನ. ಅವರ ಜೊತೆ ಹಿಂದಿನ ಸಾಲಿನಿಂದ ಸರದಿ ಮೇಲೆ ಒಬ್ಬರು. ಮೂರು ಸೆಕೆಂಡಿಗೆ ಒಬ್ಬರಂತೆ ಒಂದೊಂದು ಬ್ಲಾಕ್ ಬರೆಯುತ್ತಾರೆ, ಉಳಿದವರು ಸರಿ ಇದೆಯೇ ನೋಡುತ್ತಾರೆ. ಮಗಳು ಇದಕ್ಕೆ ನೇರವಾಗಿ ‘ಸಾಕ್ಷಿ’ ಅಂತ ಹಾಕಿದ್ದಾಳೆ.

ನನಗೆ ಈ ಪದ ತುಂಬ ಇಷ್ಟವಾಯಿತು. ದಿನಕ್ಕೆ ನಾಲ್ಕು ಸಲ ಟೈಪ್ ಮಾಡುವ ಪದ ಅದು. ಕ್ರಯಪತ್ರದ ಕೊನೆಗೆ ‘ಸಾಕ್ಷಿಗಳು’ ಅಂತ ಬರೆದು 1, 2 ಅಂತ ಜಾಗ ಬಿಡುತ್ತೇನೆ. ಪಕ್ಕದ ಹೋಟೆಲಿನಿಂದ ಪರಿಚಯದವರನ್ನು ಕರೆತಂದು ರುಜು ಹಾಕಿಸುತ್ತಾರೆ. ಆದರೆ ಅದೇ ಪುಟದಲ್ಲಿ ಇನ್ನೊಂದು ಪದವೂ ಇರುತ್ತದೆ: ‘ಬಿಕ್ಕಲಂ’. ಪತ್ರ ಬರೆದವರ ರುಜು. ಸಾಕ್ಷಿ ನೋಡಿದವನು, ಬಿಕ್ಕಲಂ ಬರೆದವನು. ಇಬ್ಬರೂ ಒಂದೇ ಅಲ್ಲ. ಹೈವ್‌ನವರು ಬರೆಯುವುದೂ ಉಂಟು, ನೋಡುವುದೂ ಉಂಟು. ಬರೆದವನನ್ನೇ ಸಾಕ್ಷಿ ಅಂದರೆ ನಮ್ಮ ಅಂಗಡಿಗೆ ಬರುವ ಯಾರೂ ಒಪ್ಪುವುದಿಲ್ಲ.

‘ಶಾನುಭೋಗ’ ಹೇಗೆ? ಹಳೆಯ ಶಾಸನಗಳಲ್ಲಿ ‘ಸೇನಬೋವ’. ನಮ್ಮ ಜಿಲ್ಲೆಯ ಹೊಯ್ಸಳರ ಕಾಲದ ಕಲ್ಲುಗಳಲ್ಲೂ ಆ ಪದ ಸಿಗುತ್ತದೆ. ಕೆಲಸಕ್ಕೆ ಹೊಂದುತ್ತದೆ. ಆದರೆ ಊರಿಗೊಬ್ಬ ಶಾನುಭೋಗ, ಲೆಕ್ಕ ಅವರ ಮನೆಯಲ್ಲೇ, ತಂದೆಯಿಂದ ಮಗನಿಗೆ. ಆ ನೆನಪು ಇನ್ನೂ ಹಸಿಯಾಗಿರುವ ಮನೆಗಳಿವೆ. ಎಲ್ಲರಿಗೂ ಲೆಕ್ಕ ತೆರೆದಿಡುವ ಜಾಲಕ್ಕೆ ಆ ಹೆಸರು ಇಡಲು ನನಗೆ ಮನಸ್ಸು ಬರಲಿಲ್ಲ. ‘ಸರದಿ ಲೆಕ್ಕಿಗ’ ಅಂದರೆ ಹೇಗೆ? ಕಿವಿಗೆ ಸ್ವಲ್ಪ ಒರಟು, ಆದರೆ ಕೆಲಸ ಏನು ಅಂತ ತಿಳಿಯುತ್ತದೆ.

ಯಜಮಾನ ಇಲ್ಲ ಅಂದ ಮಾತ್ರಕ್ಕೆ ಜಗಳ ಇಲ್ಲ ಅಂತಲ್ಲ. ಹೈವ್ ಹುಟ್ಟಿದ್ದೇ ಜಗಳದಿಂದ. ಅದರ ಹಿಂದಿನ ಜಾಲ 2016ರ ಸ್ಟೀಮ್. ಅದನ್ನು ಶುರು ಮಾಡಿದ ಕಂಪನಿಯ ಹತ್ತಿರ ರಾಶಿ ನಾಣ್ಯ ಇತ್ತು. 2020ರ ಫೆಬ್ರವರಿಯಲ್ಲಿ ಆ ಕಂಪನಿಯನ್ನು ಟ್ರಾನ್ ಅನ್ನುವ ಇನ್ನೊಂದು ಕ್ರಿಪ್ಟೋ ಜಾಲದ ಜಸ್ಟಿನ್ ಸನ್ ಕೊಂಡರು. ಆ ರಾಶಿ ನಾಣ್ಯದ ಮತದಿಂದ ಜಾಲವೇ ಅವರ ಕೈಗೆ ಹೋದೀತು ಅಂತ ಲೆಕ್ಕಿಗರು ಹೆದರಿ ಆ ನಾಣ್ಯವನ್ನು ತಡೆಹಿಡಿದರು. ಮಾರ್ಚ್‌ನಲ್ಲಿ ಕೆಲವು ಎಕ್ಸ್‌ಚೇಂಜ್‌ಗಳು (ಕ್ರಿಪ್ಟೋ ನಾಣ್ಯ ಕೊಂಡು ಮಾರುವ ಕಂಪನಿಗಳು) ಜನ ತಮ್ಮಲ್ಲಿ ಇಟ್ಟಿದ್ದ ನಾಣ್ಯದ ಬಲದಿಂದ ಮತ ಹಾಕಿ ಹಳೆಯ ಲೆಕ್ಕಿಗರನ್ನು ಇಳಿಸಿಬಿಟ್ಟವು. ಅಲ್ಲಿ ತಲೆಗೊಂದು ಮತ ಅಲ್ಲ, ನಾಣ್ಯ ಜಾಸ್ತಿ ಇದ್ದವರ ಮತಕ್ಕೆ ತೂಕ ಜಾಸ್ತಿ. ಆಗ ಬಳಕೆದಾರರು ಇಡೀ ಲೆಕ್ಕದ ಪ್ರತಿ ತೆಗೆದುಕೊಂಡು ಮಾರ್ಚ್ 20ಕ್ಕೆ ಬೇರೆಯಾದರು. ಇದಕ್ಕೆ ಮಾತ್ರ ಕನ್ನಡದಲ್ಲಿ ತಿಣುಕಬೇಕಾಗಿಲ್ಲ. ‘ಕವಲೊಡೆಯಿತು’. ದಾರಿ, ಕೊಂಬೆ, ವಂಶ ಕವಲೊಡೆದ ಹಾಗೇ ಜಾಲವೂ ಕವಲೊಡೆಯಿತು. ಹಳೆಯ ಬರಹಗಳೆಲ್ಲ ಎರಡು ಕಡೆಯೂ ಉಳಿದವು.

ಕಂಪ್ಯೂಟರ್ ಲೆಕ್ಕ ಮಾಡಿಸಿ ಹೊಸ ಬಿಟ್‌ಕಾಯಿನ್ ಪಡೆಯುವುದಕ್ಕೆ ‘ಮೈನಿಂಗ್’ ಅನ್ನುತ್ತಾರೆ. ಅದಕ್ಕೆ ‘ಗಣಿಗಾರಿಕೆ’ ಅನ್ನುವುದನ್ನು ಮಾತ್ರ ದಯವಿಟ್ಟು ಬಿಡೋಣ. ಚಿಕ್ಕಮಗಳೂರು ಜಿಲ್ಲೆಯವರಿಗೆ ಗಣಿ ಅಂದರೆ ಕುದುರೆಮುಖದ ಕೆಂಪು ಮಣ್ಣು. ಕೋರ್ಟು ಹೇಳಿ 2005ರ ಕೊನೆಗೆ ಅದು ನಿಂತಿದ್ದು. ‘ಬಿಟ್‌ಕಾಯಿನ್ ಗಣಿಗಾರಿಕೆ’ ಅಂದರೆ ಎಲ್ಲಿ ಅಗೆಯುತ್ತಾರೆ ಅಂತ ಕೇಳುವವರಿದ್ದಾರೆ. ‘ಮೈನಿಂಗ್’ ಅಂತಲೇ ಇರಲಿ.

ಕ್ರಿಪ್ಟೋಕರೆನ್ಸಿಯೂ ಹಾಗೇ ಇರಲಿ ಅನ್ನುವವಳು ನಾನು. ಕೆಲವರು ‘ಗುಪ್ತ ಹಣ’ ಅನ್ನುತ್ತಾರೆ. ಅದು ನೇರವಾಗಿ ಕಪ್ಪುಹಣ ಅಂತ ಕೇಳುತ್ತದೆ. 2021ರಲ್ಲಿ ನಮ್ಮ ರಾಜ್ಯದ ರಾಜಕೀಯದಲ್ಲಿ ‘ಬಿಟ್‌ಕಾಯಿನ್ ಹಗರಣ’ ಅಂತ ಗದ್ದಲ ಎದ್ದ ಮೇಲಂತೂ ಆ ಪದಕ್ಕೆ ಮಸಿ ಮೆತ್ತಿಕೊಂಡಿದೆ. ಆದರೆ ಬಿಟ್‌ಕಾಯಿನ್‌ನ ಲೆಕ್ಕ ಯಾರು ಬೇಕಾದರೂ ನೋಡಬಹುದಾದದ್ದು. ಗುಟ್ಟಾಗಿ ಇಡಬೇಕಾದದ್ದು ಕೀ, ಅಂದರೆ ಪಾಸ್‌ವರ್ಡ್‌ನಂಥ ಗುಟ್ಟಿನ ಸಾಲು ಮಾತ್ರ. 2022ರ ಬಜೆಟ್‌ನಲ್ಲಿ ಇದರ ಲಾಭಕ್ಕೆ ಶೇ 30 ತೆರಿಗೆ ಹಾಕಿದಾಗ ಕಾನೂನು ಇದನ್ನು ಹಣ ಅಂತ ಕರೆಯಲೇ ಇಲ್ಲ, ‘ವರ್ಚುವಲ್ ಡಿಜಿಟಲ್ ಅಸೆಟ್’ ಅಂದಿತು. ಅದನ್ನು ‘ಡಿಜಿಟಲ್ ಸ್ವತ್ತು’ ಅಂತ ಟೈಪ್ ಮಾಡಿ ನೋಡಿದೆ. ನೋಡಿದವರೊಬ್ಬರು ‘ಇ-ಸ್ವತ್ತು ಇಲ್ಲೇ ಮಾಡಿಕೊಡ್ತೀರಾ? ಫಾರಂ 9, 11 ಎರಡೂ ಬೇಕಿತ್ತು’ ಅಂದರು. ಅಲ್ಲಿಗೆ ಅದನ್ನೂ ಅಳಿಸಿದೆ.

ಕೊನೆಯದು ಕೀ. ಹೈವ್‌ನಲ್ಲಿ ಒಬ್ಬೊಬ್ಬರಿಗೆ ನಾಲ್ಕು ಕೀ. ಬರೆಯಲು, ಮತ ಹಾಕಲು ಒಂದು. ನಾಣ್ಯ ಕಳಿಸಲು ಒಂದು. ಗುಟ್ಟಿನ ಟಿಪ್ಪಣಿಗೆ ಒಂದು. ಎಲ್ಲಕ್ಕೂ ಮೇಲೆ ಒಡೆತನದ್ದು ಒಂದು. ಮಗಳು ‘ಖಾಸಗಿ ಕೀಲಿ’ ಅಂತ ಬರೆದಿದ್ದಾಳೆ. ನಮ್ಮ ಕಡೆ ಬೀಗ, ಬೀಗದ ಕೈ. ಧಾರವಾಡದ ಕಡೆಯವರಿಗೆ ಕೀಲಿ ಅಂದರೆ ಬೀಗವೇ, ತೆರೆಯುವುದು ಕೀಲಿಕೈ. ‘ನಿಮ್ಮ ಕೀಲಿಯನ್ನು ಯಾರಿಗೂ ಕೊಡಬೇಡಿ’ ಅಂದರೆ ಅಲ್ಲಿ ಯಾವುದನ್ನು ಬಚ್ಚಿಡುತ್ತಾರೆ? ಇದು ಸುಮ್ನೆ ಪದದ ಚರ್ಚೆ ಅಲ್ಲ. ನಾಣ್ಯ ಕಳಿಸುವ ಕೀ ಬೇರೆಯವರ ಕೈಗೆ ಸಿಕ್ಕಿದರೆ ನಾಣ್ಯ ಹೋಗಬಹುದು, ಬ್ಯಾಂಕಿಗೆ ಹೋಗಿ ಅರ್ಜಿ ಕೊಡುವ ಹಾಗಿಲ್ಲ. ಆ ಒಂದು ಸಾಲು ಎಲ್ಲ ಜಿಲ್ಲೆಯವರಿಗೂ ಒಂದೇ ಥರ ತಿಳಿಯಬೇಕು.

ತಲೆಬರಹಕ್ಕೆ ಸದ್ಯ ‘ಯಜಮಾನರಿಲ್ಲದ ಜಾಲ’ ಅಂತ ಹಾಕಿದ್ದೇನೆ. ಒಳಗೆ ಮಾಸ್ಟೊಡಾನ್‌ಗೆ ‘ಒಕ್ಕೂಟ ಜಾಲ’, ಹೈವ್‌ಗೆ ‘ಹಲವರ ಲೆಕ್ಕದ ಜಾಲ’. ಮಗಳಿಗೆ ಮೊದಲನೆಯದು ಹಿಡಿಸಿದೆ. ಆದರೆ ‘ಯಜಮಾನರಿಲ್ಲದ ಮನೆ’ ಅನ್ನುವುದನ್ನು ನಮ್ಮ ಹೆಂಗಸರು ಯಾವ ಅರ್ಥದಲ್ಲಿ ಹೇಳುತ್ತಾರೆ ಅಂತ ನಿಮಗೂ ಗೊತ್ತು. ಅದು ಬೇಸರದ ಮಾತು. ಗಂಡನನ್ನು ಕಳೆದುಕೊಂಡ ಮನೆಯವರು ಓದಿದರೆ ಚುಚ್ಚಬಹುದೇ ಅನ್ನುವ ಅಳುಕು ನನಗಿದೆ. ‘ಒಡೆಯರಿಲ್ಲದ’ ಅಂದರೆ ಮೈಸೂರಿನ ಒಡೆಯರು ಅಡ್ಡ ಬರುತ್ತಾರೆ. ‘ನಡುವಿಲ್ಲದ’ ಅಂದರೆ ಸೊಂಟ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಕೀ ವಿಷಯ ಮೊದಲು ತಿಳಿಸಿ. ಹಾಳೆ ತಂದಿಟ್ಟಿದ್ದೇನೆ, ಸೋಮವಾರ ಇನ್ನೂರು ಪ್ರತಿ ಪ್ರಿಂಟಿಗೆ ಹಾಕಬೇಕು.