ಪದಚರ್ಚೆ: ‘ಧರ್ಮಯುದ್ಧ’ ಅಂದ್ರ ಜಸ್ಟ್ ವಾರೋ, ಕ್ರೂಸೇಡೋ?

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿವಸದ ಮ್ಯಾಲೆ ಬರ್ಯಾಕತ್ತೇನಿ, ಉದ್ದ ಆಗತೈತಿ, ಚಾ ಹಿಡಕೊಂಡ ಓದ್ರಿ.

ನಾ ಬೆಳಗಾವ್ಯಾಗ ವಕೀಲಿ ಮಾಡ್ಕೋತ ವಾರಕ್ಕ ಎರಡು ದಿನ ಲಾ ಓದೋ ಹುಡುಗೂರಿಗೆ ಪಾಠ ಹೇಳ್ತೇನಿ. ಬೈಲಹೊಂಗಲ, ಗೋಕಾಕ, ರಾಮದುರ್ಗ ಕಡೆಯಿಂದ ಬರಾವ್ರು, ಡಿಗ್ರಿ ತನಕ ಕನ್ನಡದಾಗ ಓದಿದವರು, ಇಂಟರ್‌ನ್ಯಾಷನಲ್ ಲಾ ಪೇಪರ್ ಅಂದ್ರ ಎದಿ ಒಡಕೋತಾರ. ಅದಕ್ಕ ಕನ್ನಡದಾಗ ಒಂದು ನಲವತ್ತು ಪುಟದ ನೋಟ್ಸ್ ಮಾಡಿ ಕೊಡೋಣಂತ ಕುಂತೆ, ಹದಿಮೂರನೇ ಪುಟಕ್ಕ ಗಾಡಿ ಎರಿ ಮಣ್ಣಾಗ ಹುಗದಂಗ ಹುಗೀತು.

ಸಿಕ್ಕಿದ್ದು ಒಂದ ವಾಕ್ಯಕ್ಕ. ಸ್ಪೇನಿನ ಸಾಲಮಾಂಕಾದಾಗ ವಿತೋರಿಯಾ ಅಂತ ಒಬ್ಬ ಪಾದ್ರಿ ಪ್ರೊಫೆಸರ್ ಇದ್ದ. ಅಮೆರಿಕದ ಮೂಲನಿವಾಸಿಗಳ ಮ್ಯಾಲೆ ತನ್ನ ದೇಶದವರ ಮಾಡಿದ ದಂಡಯಾತ್ರೆ ಸರಿಯೋ ತಪ್ಪೋ ಅಂತ 1539ರಾಗ ಉಪನ್ಯಾಸ ಕೊಟ್ಟಾವ. ಅವ ಹೇಳೂದು ಇಷ್ಟ: ರಾಜ್ಯ ದೊಡ್ಡದು ಮಾಡ್ಕೊಳ್ಳೂದು ಯುದ್ಧಕ್ಕ ಕಾರಣ ಅಲ್ಲ, ರಾಜನ ಕೀರ್ತಿ ಕಾರಣ ಅಲ್ಲ, ಎದುರಿನವ ಬ್ಯಾರೆ ಧರ್ಮದವ ಅನ್ನೂದಂತೂ ಅಲ್ಲವೇ ಅಲ್ಲ, ಅವನಿಂದ ನಮಗ ಅನ್ಯಾಯ ಆಗಿರಬೇಕು, ಕಾರಣ ಅದೊಂದ. ಇದನ್ನ ಕನ್ನಡಕ್ಕ ತರುವಾಗ ಜಸ್ಟ್ ವಾರ್, ಅಂದ್ರ ನ್ಯಾಯದ ಕಾರಣಕ್ಕ ಮಾಡೋ ಯುದ್ಧ, ಅನ್ನೂದಕ್ಕ ಧರ್ಮಯುದ್ಧ ಅಂತ ಕೈ ತಾನಾಗೇ ಬರೀತು. ವಾಕ್ಯ ಏನಾತಂದ್ರ: “ಧರ್ಮಭೇದ ಧರ್ಮಯುದ್ಧಕ್ಕೆ ಕಾರಣವಾಗದು.” ಮುಂದಿನ ಬೆಂಚಿನ ಹುಡುಗ ಒಬ್ಬ ಓದಿ ಕೇಳಿದ, “ಸರ್, ಧರ್ಮಯುದ್ಧಕ್ಕ ಧರ್ಮ ಕಾರಣ ಅಲ್ಲಂದ್ರ ಮತ್ತೇನು ದನ ಕಾರಣೇನ್ರಿ?” ಇಡೀ ಕ್ಲಾಸ್ ನಕ್ಕಿತು, ನಾನೂ ನಕ್ಕೆ. ಆದ್ರ ಆ ಹುಡುಗ ಅಂದಿದ್ದು ಸುಳ್ಳಲ್ಲ, ಅದನ್ನ ಆಮ್ಯಾಲೆ ಹೇಳ್ತೇನಿ.

ಗಂಟು ಬಿದ್ದಿದ್ದು ಎಲ್ಲೆಂದ್ರ, ನಮ್ಮ ಸಾಲಿ ಇತಿಹಾಸದಾಗ ಕ್ರೂಸೇಡಿಗೆ ಧರ್ಮಯುದ್ಧ ಅಂತನ ಕಲತೇವಿ. 1095ರಾಗ ಪೋಪ್ ಎರಡನೇ ಅರ್ಬನ್ ಜೆರುಸಲೇಮ್ ಬಿಡಿಸ್ಕೊಂಡ ಬರ್ರಿ ಅಂತ ಕರೆ ಕೊಟ್ಟದ್ದು, ಆಮ್ಯಾಲೆ ಇನ್ನೂರು ವರ್ಷ ನಡದದ್ದು. ಪೇಪರಿನಾವ್ರು ಜಿಹಾದಿಗೂ ಅದ ಶಬ್ದ ಬಳಸ್ತಾರ. ಇಲೆಕ್ಷನ್ ಬಂತಂದ್ರ ಎರಡೂ ಪಾರ್ಟಿಯವರು ಮೈಕ್ ಮುಂದ “ಇದು ಧರ್ಮಯುದ್ಧ” ಅಂತಾರ, ಅಲ್ಲೆ ಧರ್ಮನೂ ಇರೂದಿಲ್ಲ ಯುದ್ಧನೂ ಇರೂದಿಲ್ಲ, ಬಾಡಿಗಿ ಗಾಡಿ ಇರ್ತಾವ ಅಷ್ಟ. ಹಿಂಗಾಗಿ ಒಂದ ಶಬ್ದದ ಮ್ಯಾಲೆ ಮೂರ್ನಾಕು ಹೇರು ಹೇರಿ ಅದರ ನಡ ಮುರದೇವಿ.

ಇನ್ನ ನಮ್ಮ ಹಳೇ ಅರ್ಥ ನೋಡ್ರಿ. ಮನುಸ್ಮೃತಿ ಏಳನೇ ಅಧ್ಯಾಯದಾಗ ರಾಜ ಹೆಂಗ ಹೊಡೀಬಾರದು ಅಂತ ಐತಿ: ಮುಚ್ಚಿಟ್ಟ ಆಯುಧ ಬ್ಯಾಡ, ಕರ್ಣಿ ಅಂದ್ರ ಹಿಮ್ಮುಳ್ಳಿನ ಬಾಣ ಬ್ಯಾಡ, ವಿಷ ಸವರಿದ್ದು ಬ್ಯಾಡ, ಬೆಂಕಿ ಹಚ್ಚಿದ್ದು ಬ್ಯಾಡ, ಕೈ ಮುಗದವನ್ನ, ಮಲಗಿದವನ್ನ, ಆಯುಧ ಇಲ್ಲದವನ್ನ, ಬರೇ ನೋಡಾಕ ನಿಂತವನ್ನ ಹೊಡೀಬಾರದು. ಭೀಷ್ಮಪರ್ವದಾಗ ಎರಡೂ ಕಡೆಯವರು ಕುಂತು ಕರಾರು ಮಾಡ್ಕೋತಾರಲ್ಲ, ರಥದವ ರಥದವನ ಕೂಡ, ಕುದುರಿಯವ ಕುದುರಿಯವನ ಕೂಡ, ಸಾರಥಿಗೆ ಭೇರಿ ಬಾರಿಸಾವಗ ಮುಟ್ಟಬಾರದು ಅಂತ, ಅದೂ ಹಂಗ. ಇದೆಲ್ಲಾ ಯುದ್ಧ ಹೆಂಗ ಮಾಡಬೇಕು ಅನ್ನೂದರ ಮಾತು, ಯಾಕ ಮಾಡಬೇಕು ಅನ್ನೂದರದಲ್ಲ. ಇದಕ್ಕ ವಿರುದ್ಧ ಪದ ಅಧರ್ಮಯುದ್ಧ ಅಷ್ಟ ಅಲ್ಲ, ಕೂಟಯುದ್ಧ. ಕೌಟಿಲ್ಯ ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧ ಅಂತ ಮೂರು ಮಾಡ್ತಾನ. ಮೊದಲಿಂದು ಜಾಗಾ ಟೈಮ್ ಹೇಳಿ ಮಾಡೂದು, ಎರಡನೇದು ಮೋಸದ್ದು, ಮೂರನೇದು ಗುಪ್ತಚರರ ಕಡೆಯಿಂದ ಸದ್ದಿಲ್ಲದ ಮುಗಸೂದು. ಅವಗ ಮೂರೂ ಬೇಕು, ಭಿಡೆ ಇಲ್ಲದ ಮನುಷ್ಯಾ.

ಕ್ಲಾಸಿನಾಗ ಇದನ್ನ ತಿಳಿಸಾಕ ನಾ ಹಿಡಿಯೂದು ಮುಧೋಳದ ರನ್ನನ್ನ. ಭೀಮ ದುರ್ಯೋಧನನ ತೊಡಿ ಮುರದ. ಕಾರಣ ಕೇಳಿದ್ರ ಭೀಮನ ಕಡೆ ಭಾರ ಐತಿ, ತುಂಬಿದ ಸಭಾದಾಗ ದ್ರೌಪದಿಗೆ ಆದ ಅನ್ಯಾಯ ಯಾರು ಅಲ್ಲಂತಾರ? ಆದ್ರ ಗದಾಯುದ್ಧದಾಗ ಹೊಕ್ಕಳದ ಕೆಳಗ ಹೊಡೀಬಾರದು. ಕಾರಣ ಪಾಸ್, ರೀತಿ ಫೇಲ್. ವ್ಯಾಸಭಾರತದಾಗ ಬಲರಾಮ ನೇಗಿಲ ಎತ್ತಿಕೊಂಡ ಭೀಮನ ಮ್ಯಾಲೆ ಹೋಗೂದು ಕಾರಣದ ಸಲುವಾಗಿ ಅಲ್ಲ, ರೀತಿಯ ಸಲುವಾಗಿ. ರನ್ನನ ಕಾವ್ಯ ಓದಿದವರಿಗೆ ದುರ್ಯೋಧನನ ಮ್ಯಾಲೆ ಕನಿಕರ ಹುಟ್ಟತೈತಲ್ಲ, ಅದರ ಬೇರು ಸ್ವಲ್ಪ ಇಲ್ಲೇ ಐತಿ ಅಂತ ನನ್ನ ಅನಿಸಿಕೆ.

ಲ್ಯಾಟಿನ್ನಾಗ ಇದಕ್ಕ ಎರಡು ಬ್ಯಾರೆ ಬ್ಯಾರೆ ಹೆಸರು ಅದಾವು. ಯುದ್ಧಕ್ಕ ಇಳಿಯೂದು ಸರಿಯೋ ಅನ್ನೂದಕ್ಕ ಜಸ್ ಆಡ್ ಬೆಲ್ಲಮ್, ಇಳದ ಮ್ಯಾಲೆ ಹೆಂಗ ನಡಕೋಬೇಕು ಅನ್ನೂದಕ್ಕ ಜಸ್ ಇನ್ ಬೆಲ್ಲೋ. ಇವೆರಡನ್ನ ಬ್ಯಾರೆ ಇಡೂದು ಬರೇ ಪಂಡಿತರ ಹಟ ಅಲ್ರಿ. ಯುದ್ಧದಾಗ ಗಾಯಾಳು, ಕೈದಿ, ಸಾಮಾನ್ಯ ಜನರನ್ನ ಕಾಪಾಡೋ 1949ರ ಜಿನಿವಾ ಒಪ್ಪಂದಗಳು ನಾಕೂ ಎರಡೂ ಕಡೆಗೆ ಒಂದ ಸಮ ಲಾಗೂ ಆಗತಾವು. ಮೊದಲ ಯಾರು ಮೈಮ್ಯಾಲೆ ಬಂದ್ರು ಅಂತ ನೋಡೂದಿಲ್ಲ, ದಾಳಿ ಮಾಡಿದ ದೇಶದ ಗಾಯಾಳು ಸಿಪಾಯಿಗೂ ಔಷಧ ಹಚ್ಚಬೇಕು. ಒಂದ ಶಬ್ದದಾಗ ಎರಡೂ ತುರುಕಿದ್ರ ಹುಡುಗೂರು ಏನು ತಿಳ್ಕೋತಾರಂದ್ರ, ನಮ್ಮ ಕಾರಣ ಧರ್ಮದ್ದು ಅಂದ ಮ್ಯಾಲೆ ಹೆಂಗ ಹೊಡದ್ರೂ ನಡೀತೈತಿ ಅಂತ. ಅದಕ್ಕ ನಾ ಹಟ ಹಿಡದದ್ದು.

ನೀವ ಅಂತೀರಿ, ಗೀತಾದಾಗ ಐತಲ್ಲ ಅಂತ. ಹೌದು, ಎರಡನೇ ಅಧ್ಯಾಯದಾಗ “ಧರ್ಮ್ಯಾದ್ಧಿ ಯುದ್ಧಾತ್” ಅಂತ ಬರತೈತಿ, ಮುಂದ “ಧರ್ಮ್ಯಂ ಸಂಗ್ರಾಮಂ” ಅಂತನೂ ಐತಿ, ಅಲ್ಲೆ ಅರ್ಜುನ ಕೇಳಾಕತ್ತಿದ್ದು ಹೆಂಗ ಅಂತಲ್ಲ, ಯಾಕ ಅಂತನ. ಆದ್ರ ನೋಡ್ರಿ ಅಲ್ಲಿರೂದು ಧರ್ಮ ಅಲ್ಲ, ಧರ್ಮ್ಯ. ಯ ಒತ್ತು ಐತಿ, ಧರ್ಮಕ್ಕ ಒಪ್ಪೂದು ಅಂತ ಅರ್ಥ. ಧರ್ಮ್ಯಯುದ್ಧ ಅಂತ ಬರದ್ರ ನನ್ನ ಪ್ರಾಬ್ಲೆಮ್ ಕಾಗದದ ಮ್ಯಾಲೆ ಮುಗೀತು, ಆದ್ರ ಆ ಒತ್ತು ಡಿಟಿಪಿ ಮಾಡಾವ ತಿಂತಾನ, ಓದಾವ ಕಾಣೂದಿಲ್ಲ, ಬಾಯಾಗ ಅಂತೂ ಬರೂದ ಇಲ್ಲ.

ಈಗ ದನದ ಮಾತಿಗೆ ಬರ್ತೇನಿ. ಏಳನೇ ಶತಮಾನದಾಗ ತೀರಿಕೊಂಡ ಸೆವಿಲ್‌ನ ಇಸಿಡೋರ್ ಅನ್ನೋ ಬಿಷಪ್, ನ್ಯಾಯದ ಯುದ್ಧ ಅಂದ್ರ ಮುಂಚೆನ ಎದುರಿನವರಿಗೆ ತಿಳಿಸಿ, ಕಳಕೊಂಡದ್ದನ್ನ ಮರಳಿ ತರಾಕ ಇಲ್ಲಾ ವೈರಿನ ಓಡಸಾಕ ಮಾಡೂದು ಅಂತ ಬರದಾನ. ಆ ಮಾತಿನ ಮೂಲ ರೋಮಿನ ಫೆಟಿಯಾಲೆಸ್ ಅನ್ನೋ ಪೂಜಾರಿಗಳ ಪದ್ಧತ್ಯಾಗ ಐತಿ. ಅವರು ಎದುರಿನ ಊರಿನ ಗಡಿಗೆ ಹೋಗಿ, ಒಯ್ದದ್ದು ಕೊಡ್ರಿ ಅಂತ ಕೇಳಿ, ಗಡುವು ಕೊಟ್ಟು, ಕೊಡದಿದ್ರ ಯುದ್ಧ ಸಾರತಿದ್ರು. ಇದನ್ನ ಓದುವಾಗ ನನಗ ನಮ್ಮ ವೀರಗಲ್ಲು ನೆನಪಾತು. “ತುರುವಂ ಮಗುಳ್ಚಿ ಸತ್ತಂ” ಅಂತ ಎಷ್ಟು ಕಲ್ಲಿನ ಮ್ಯಾಲೆ ಇಲ್ಲ! ಮಗುಳ್ಚು ಅಂದ್ರ ಮರಳಿಸು, ತಿರುಗಿ ತಾ. ದನ ಹೊಡಕೊಂಡ ಹೋದ್ರು, ಬೆನ್ನಟ್ಟಿ ಹೋದ, ತಿರುಗಿಸಿ ತಂದ, ಸತ್ತ. ಇಸಿಡೋರ್ ಲ್ಯಾಟಿನ್ನಾಗ ಹೇಳಿದ್ದು ನಮ್ಮ ಊರ ಮುಂದಿನ ಕಲ್ಲಿನ ಮ್ಯಾಲೆ ಒಂದು ಕ್ರಿಯಾಪದದಾಗ ಐತಿ. ಕಾರಣಗಳಿಗೆ ಹೆಸರೂ ಇದ್ದು ಅವಾಗ: ತುರುಗೋಳ್ ಅಂದ್ರ ದನ ಹಿಡಿಯೂದು, ಪೆಣ್ಬುಯ್ಯಲ್ ಅಂದ್ರ ಹೆಣ್ಮಕ್ಕಳ ಮೊರಿ, ಊರಳಿವು ಅಂದ್ರ ಊರು ಹಾಳು ಮಾಡೂದು. ನನಗಂತೂ ಇವು ಜಸ್ಟ್ ಕಾಸ್ (ನ್ಯಾಯದ ಕಾರಣ) ಅನ್ನೂದಕ್ಕ ಧರ್ಮಕ್ಕಿಂತ ಹತ್ರ ಕಾಣತಾವು. ಯಾಕ ಅನ್ನೂದು ಕಲ್ಲಿನ ಮ್ಯಾಲೆ, ಹೆಂಗ ಅನ್ನೂದು ಮಹಾಭಾರತದಾಗ. ಎರಡೂ ನಮ್ಮ ಹತ್ರ ಇದ್ದು, ನಾವ ಒಂದನ್ನ ಮರತೇವಿ.

ಸರಿ, ಧರ್ಮ ಬಿಟ್ಟು ನ್ಯಾಯಯುದ್ಧ ಅಂತ ಹಾಕೋಣಂದ್ರ ಅಲ್ಲೂ ಒಂದು ತೊಡಕು ಐತಿ, ಮೈಸೂರು ಕಡೆಯವರಿಗೆ ಇದು ಗೊತ್ತಾಗೂದಿಲ್ಲ. ನಮ್ಮ ಕಡೆ ನ್ಯಾಯ ಅಂದ್ರ ಜಗಳ ಕೂಡ! “ಅಣ್ತಮ್ಮರಾಗ ಹೊಲದ ನ್ಯಾಯ ಐತಿ”, “ಬೀದ್ಯಾಗ ನ್ಯಾಯ ತಗೀಬ್ಯಾಡ್ರಿ” ಅಂತೇವಿ. ನ್ಯಾಯಯುದ್ಧ ಅಂದ್ರ ಜಗಳದ ಲಡಾಯಿ ಅಂದಂಗ ಆತು. ನಮ್ಮವ್ವಗ ಆ ಶಬ್ದ ಹೇಳಿ ನೋಡಿದೆ, “ಯಾರ ಮನಿಯಾಗೋ?” ಅಂದಳು.

ಆದ್ರೂ ಪೂರ್ತಿ ಸಿದ್ಧಾಂತಕ್ಕ ನ್ಯಾಯಯುದ್ಧ ಅಂತನ ಇಡೋಣ, ಧರ್ಮಯುದ್ಧನ್ನ ಮಹಾಭಾರತ-ಮನುಸ್ಮೃತಿ ನಿಯಮಕ್ಕ ಮೀಸಲಿಡೋಣ, ಕ್ರೂಸೇಡಿಗೆ ಕ್ರೂಸೇಡ್ ಅಂತನ ಬರಿಯೋಣ ಅಂತ ನನ್ನ ಒಲವು. ಒಳಗಿನ ಎರಡು ಭಾಗಕ್ಕ ಯುದ್ಧಕ್ಕಿಳಿಯುವ ನ್ಯಾಯ, ಯುದ್ಧದೊಳಗಿನ ನ್ಯಾಯ. ಸಮಾಸ ಆಗಿಲ್ಲ, ಉದ್ದ ಆಗೇತಿ, ಗೊತ್ತೈತಿ. ಆದ್ರ ಹುಡುಗೂರಿಗೆ ಒಂದ ಏಟಿಗೆ ತಿಳೀತು. ಕಿತ್ತೂರಿನ ಉದಾಹರಣೆ ಹಾಕಿ ಪರೀಕ್ಷೆ ಮಾಡಿ ನೋಡಿದೆ. ಥಾಮಸ್ ಅಕ್ವಿನಾಸ್ ಅನ್ನೋ ಕ್ರೈಸ್ತ ಪಂಡಿತ ಹದಿಮೂರನೇ ಶತಮಾನದಾಗ ಮೂರು ಷರತ್ತು ಹಾಕ್ಯಾನ: ಯುದ್ಧ ಸಾರಾವಗ ಅಧಿಕಾರ ಇರಬೇಕು, ಕಾರಣ ನ್ಯಾಯದ್ದಿರಬೇಕು, ಉದ್ದೇಶ ಚಲೋ ಇರಬೇಕು. 1824ರಾಗ ಕಂಪನಿಯವರು ಕಿತ್ತೂರಿನ ದತ್ತಕ ಒಪ್ಪಲಿಲ್ಲ. ಒಪ್ಪಲಿಲ್ಲ ಅಂದ್ರ ಏನಾತು? ಚೆನ್ನಮ್ಮಗ ಮೊದಲನೇ ಷರತ್ತೇ ಇಲ್ಲ ಅಂದಂಗ ಆತು, ಆಳಾಕೂ ಹಕ್ಕಿಲ್ಲ, ಯುದ್ಧ ಸಾರಾಕೂ ಹಕ್ಕಿಲ್ಲ. ಅಲ್ಲಿ ಲಡಾಯಿ ಖರೇ ಅಂದ್ರ ಆ ಷರತ್ತಿನ ಮ್ಯಾಲೆ. ಇದು ಯುದ್ಧಕ್ಕಿಳಿಯುವ ನ್ಯಾಯದ ಪ್ರಶ್ನೆ. ಅಕ್ಟೋಬರ್ 23ಕ್ಕ ಕಲೆಕ್ಟರ್ ಥ್ಯಾಕರೆ ಸತ್ತ, ಎಲಿಯಟ್ ಮತ್ತ ಸ್ಟೀವನ್ಸನ್ ಅನ್ನೋ ಇಬ್ಬರು ಅಧಿಕಾರಿಗಳು ಸೆರಿ ಸಿಕ್ಕರು, ಆಮ್ಯಾಲೆ ಅವರನ್ನ ಜೀವಂತ ಬಿಟ್ರು. ಇದು ಯುದ್ಧದೊಳಗಿನ ನ್ಯಾಯದ ಪ್ರಶ್ನೆ. ಇವರಿಬ್ಬರನ್ನ ಯುದ್ಧಕೈದಿ ಅನಬೇಕೋ ಒತ್ತೆಯಾಳು ಅನಬೇಕೋ, ಈಗಿನ ಕಾಯ್ದೆ ಪ್ರಕಾರ ಕೈದಿ ಇಟ್ಕೋಬಹುದು, ಒತ್ತೆಯಾಳು ಇಟ್ಕೊಳ್ಳಾಕ ಬರೂದಿಲ್ಲ. ಹಳೇ ಕನ್ನಡದ ಸೆರೆಯಾಳು ಅನ್ನೂದ ಛಂದ ಅಂತ ನನಗ ಕಾಣತೈತಿ. ಅಂದಂಗ ಇದ ಎಲಿಯಟ್ ಮುಂದ ಕನ್ನಡ ನಾಡಿನ ನೂರಾರು ಶಾಸನ ನಕಲು ಮಾಡಿಸಿದಾವ. ಸೆರಿಯಾಗಿದ್ದವ ಶಾಸನ ಓದಾಕ ಬಿದ್ದ ನೋಡ್ರಿ.

ಇನ್ನ ಸಣ್ಣ ಸಣ್ಣವು ಎರಡ್ಮೂರು. ಅಂತರರಾಷ್ಟ್ರೀಯವೋ ಅಂತಾರಾಷ್ಟ್ರೀಯವೋ? ಅಂತರ್ ಮುಂದ ರಾ ಬಂದ್ರ ಒಂದು ರ ಬಿದ್ದು ಹಿಂದಿನ ಸ್ವರ ದೀರ್ಘ ಆಗತೈತಿ, ನಿರ್ ಮತ್ತ ರಸ ಕೂಡಿ ನೀರಸ ಆದಂಗ, ಹಿಂಗಾಗಿ ಅಂತಾರಾಷ್ಟ್ರೀಯ ಅಂತ ವ್ಯಾಕರಣದಾವ್ರು. ಅಂತರ ಅನ್ನೋ ಶಬ್ದನ್ನ ಹಂಗ ಇಟ್ಟು ಅಂತರರಾಷ್ಟ್ರೀಯ ಅಂತ ಉಳದವರು. ನಾ ಎರಡನೇದರ ಕಡೆ, ಬಾಯಿಗೆ ಸರಳ. ಮೂಲ ಇಂಗ್ಲಿಷ್ ಶಬ್ದನೂ ಭಾಳ ಹಳೇದೇನಲ್ಲ, 1789ರಾಗ ಅಚ್ಚಾಗಿ ಹೊರಗ ಬಂದ ತನ್ನ ಪುಸ್ತಕದಾಗ ಬೆಂಥಮ್ ಅನ್ನೋ ಇಂಗ್ಲೆಂಡಿನ ಚಿಂತಕ ಹೊಸದಾಗಿ ಕಟ್ಟಿದ್ದು, ಶಬ್ದ ಹೊಸದು ಅಂತ ಅವನ ಅಡಿಟಿಪ್ಪಣ್ಯಾಗ ಒಪ್ಕೊಂಡಾನ. ಅದಕ್ಕೂ ಮೊದಲ ಲಾ ಆಫ್ ನೇಷನ್ಸ್ ಅಂತಿದ್ರು. 1625ರಾಗ ಯುದ್ಧ ಮತ್ತ ಶಾಂತಿಯ ಕಾನೂನಿನ ಬಗ್ಗೆ ದೊಡ್ಡ ಗ್ರಂಥ ಬರದ ಗ್ರೋಶಿಯಸ್‌ಗೂ ಇಂಟರ್‌ನ್ಯಾಷನಲ್ ಗೊತ್ತಿರಲಿಲ್ಲ. ಅವನ ಪುಸ್ತಕದ ಹೆಸರಿನಾಗಿನ ಜಸ್ ಅನ್ನೂದಕ್ಕ ಕಾನೂನು ಅನಬೇಕೋ ಹಕ್ಕು ಅನಬೇಕೋ, ಲ್ಯಾಟಿನ್ನಾಗ ಎರಡೂ ಹೌದು. 1609ರಾಗ ಅವ ಸಮುದ್ರ ಎಲ್ಲಾರದು, ಪೋಪ್ ದಾನ ಕೊಟ್ಟ ಅಂತ ಪೋರ್ಚುಗೀಸರದಾಗೂದಿಲ್ಲ ಅಂತ ವಾದ ಮಾಡಿದ್ದನ್ನ ಹೇಳಿದ್ರ ಮಾತ್ರ ಹುಡುಗೂರು ಕಿವಿ ಕೊಡ್ತಾರ, ಯಾಕಂದ್ರ ಗೋವಾ ಇಲ್ಲೇ ಘಟ್ಟ ಇಳದ್ರ ಬಂತು, ಅದನ್ನ 1510ರಾಗ ಪೋರ್ಚುಗೀಸರು ಕಸಗೊಂಡದ್ದು ವಿಜಯಪುರದ ಆದಿಲ್‌ಶಾಹಿಯವರ ಕಡೆಯಿಂದ.

ಆದಿಲ್‌ಶಾಹಿ ಅಂದ ಕೂಡ್ಲೆ ನೆನಪಾತು, ವಕೀಲ ಅಂದ್ರ ಆ ಕಾಲದ ದರಬಾರಿನಾಗ ಇನ್ನೊಬ್ಬ ರಾಜನ ಕಡೆ ಕಳಸೋ ಪ್ರತಿನಿಧಿ, ಈಗಿನ ರಾಯಭಾರಿ ಇದ್ದಂಗ. ನಾವು ಕೋರ್ಟಿನಾಗ ಕರಿ ಕೋಟು ಹಾಕ್ಕೊಂಡ ನಿಂತಾವ್ರು ಅವರ ಪಳಿಯುಳಿಕೆ.

ಕಡೀಕೆ ಒಂದು. ಜಿನಿವಾ ಒಪ್ಪಂದದಾಗ ಯುದ್ಧ ಅನ್ನೂದರ ಜೋಡಿ ಆರ್ಮ್ಡ್ ಕಾನ್‌ಫ್ಲಿಕ್ಟ್ ಅಂತ ಬೇಕಂತನ ಹಾಕ್ಯಾರ, ನಾವು ಯುದ್ಧ ಸಾರೇ ಇಲ್ಲ ಅಂತ ಯಾವ ದೇಶನೂ ತಪ್ಪಿಸ್ಕೋಬಾರದಂತ. ಸಶಸ್ತ್ರ ಸಂಘರ್ಷ ಅಂತ ಎಲ್ಲಾರೂ ಬರೀತಾರ. ಆದ್ರ ಖಾನಾಪುರದ ಗದ್ದಿಗೆ ಆನಿ ಬಂದ್ರೂ ಪೇಪರಿನಾಗ ಮಾನವ-ಆನೆ ಸಂಘರ್ಷ ಅಂತಾರ. ಸಶಸ್ತ್ರ ಕಾಳಗ ಅಂದ್ರ ನಡೀತೈತೇನು? ಲಡಾಯಿ ಅಂತ ಬರ್ಯಾಕ ನನಗ ಆಸೆ, ಆದ್ರ ಬೆಂಗಳೂರಿನಾವ್ರು ಮರಾಠಿ ಅಂತಾರ.

ನ್ಯಾಯ ಅಂದ್ರ ಜಗಳ ಅನ್ನೋ ಅರ್ಥ ನಿಮ್ಮ ಕಡೆ, ಅಂದ್ರ ಬಳ್ಳಾರಿ, ದಾವಣಗೆರೆ, ಶಿವಮೊಗ್ಗದ ತನಕ ಐತೇನು ಹೇಳ್ರಿ, ಮತ್ತ ಮಗುಳ್ಚು ಅನ್ನೋ ಕ್ರಿಯಾಪದ ಇನ್ನೂ ಯಾವ ಊರಾಗರ ಮಾತಿನಾಗ ಉಳದೈತೇನು ಅದನ್ನೂ ತಿಳಿಸ್ರಿ. ಸೋಮವಾರ ಝೆರಾಕ್ಸಿಗೆ ಕೊಡಬೇಕು, ಹದಿಮೂರನೇ ಪುಟ ಇನ್ನೂ ಖಾಲಿ ಐತಿ.