ಬೆಲ್ಲದ ಕಾಫಿ ಜೊತೆ ಐರನ್ ಮಾತ್ರೆ ನುಂಗಬಹುದಾ?

ವಿರಾಜಪೇಟೆ ಕಡೆಯವಳು:
ಹಿಮೋಗ್ಲೋಬಿನ್ 9.4 ಬಂದಿದೆ. ಡಾಕ್ಟರ್ ಐರನ್, ಕ್ಯಾಲ್ಸಿಯಂ ಎರಡೂ ಬರೆದಿದ್ದಾರೆ. ನಮ್ಮದು ತೋಟದ ಮನೆ, ಅಕ್ಕಿ ರೊಟ್ಟಿ ತಿಂದ ಕೂಡಲೇ ಬೆಲ್ಲದ ಕಾಫಿ ಬೇಕೇ ಬೇಕು. ಎರಡೂ ಮಾತ್ರೆ ಅದರ ಜೊತೆಗೇ ನುಂಗುತ್ತೇನೆ. ಬೆಲ್ಲದಲ್ಲೇ ಕಬ್ಬಿಣ ಇದೆ, ಮಾತ್ರೆ ಯಾಕೆ ಅಂತ ಅತ್ತೆ ಕೇಳುತ್ತಾರೆ. ಏನು ಮಾಡಲಿ?

ಮಡಿಕೇರಿ ನರ್ಸಮ್ಮ:
ಹಾಗೆ ನುಂಗಿದರೆ ಮಾತ್ರೆ ಅರ್ಧ ದಂಡ ಕಣಮ್ಮ. ಕಾಫಿಯಲ್ಲಿರುವ ಪಾಲಿಫಿನಾಲ್ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ, ಕರುಳು ಹೀರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ ತಗೊಳ್ಳಿ. ಐರನ್ ಜೊತೆ ನಿಂಬೆ ಶರಬತ್ತು ಕುಡಿಯಿರಿ, ಅದರ ಸಿ ವಿಟಮಿನ್ ಕಬ್ಬಿಣ ಹೀರಲು ನೆರವಾಗುತ್ತದೆ. ಕಿತ್ತಳೆ ಸೀಸನ್ ಆದರೆ ಕೇಳಲೇಬೇಡಿ! ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಒಂದು ಲೋಟದ ಬೆಲ್ಲದಲ್ಲಿ ಎಷ್ಟು ಸಿಕ್ಕೀತು? (ಅತ್ತೆಗೆ ನನ್ನ ಹೆಸರು ಹೇಳಬೇಡಿ.) ಮಲ ಕಪ್ಪಗಾದರೆ ಗಾಬರಿ ಬೇಡ, ಐರನ್ ಮಾತ್ರೆಗೆ ಹಾಗಾಗುತ್ತದೆ.

ಗೋಣಿಕೊಪ್ಪದ ಅಣ್ಣ:
ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನುತ್ತೀರಲ್ವಾ? ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ್ದು ಸುಲಭವಾಗಿ ಮೈಗೆ ಹತ್ತುತ್ತದೆ.

ವಿರಾಜಪೇಟೆ ಕಡೆಯವಳು:
ತಿನ್ನುತ್ತೇನೆ ಅಣ್ಣ. ಕಾಫಿ ಬಿಡುವುದೇ ಕಷ್ಟ.

ಮಡಿಕೇರಿ ನರ್ಸಮ್ಮ:
ಕೊಡಗಿನಲ್ಲಿದ್ದು ಕಾಫಿ ಬಿಡಿ ಅಂತ ಯಾರು ಹೇಳಿದರು? ಕಾಫಿಗೂ ಐರನ್ ಮಾತ್ರೆಗೂ ಒಂದೆರಡು ಗಂಟೆ ದೂರ ಇಡಿ, ಅಷ್ಟೇ.