ಕೊಟ್ಟಿಗೆ ಪಕ್ಕದ ಹಳೆಯ ಗೋಣಿ ಮರ: ಸಲಹೆ ಬೇಕು

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಅಂಚಿನಲ್ಲಿ, ಮೂವರು ಕೈ ಕೈ ಹಿಡಿದರೂ ತಬ್ಬಲಾಗದ ಗೋಣಿ ಮರವೊಂದಿದ್ದು, ಕಳೆದ ಮಳೆಗಾಲದಲ್ಲಿ ಅದರ ಕೊಂಬೆಯೊಂದು ಕೊಟ್ಟಿಗೆಯ ಹೆಂಚಿನ ಮೇಲೆ ಮುರಿದು ಬಿದ್ದಂದಿನಿಂದ ಅಣ್ಣ ಅದನ್ನು ಕಡಿಸಲೇಬೇಕೆನ್ನುತ್ತಿದ್ದಾನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿಯುಳ್ಳ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಕಡಿಯುವುದು ನ್ಯಾಯವಾಗುತ್ತದೆಯೇ ಎಂಬುದೇ ನನ್ನ ತೊಡಕು; ಹಣ್ಣಾದಾಗ ಮಂಗಟ್ಟೆ ಹಕ್ಕಿಗಳು ಬರುವ ಮರವಿದು, ಪೊಟರೆಯಲ್ಲಿ ತುಡುವೆ ಜೇನೂ ಇದೆ. (ಕೊಟ್ಟಿಗೆಯನ್ನು ಅಲ್ಲಿ ಕಟ್ಟಿದವರು ನಾವೇ.) ತಟ್ಟಿದರೆ ಕಾಂಡದ ಒಂದು ಮಗ್ಗುಲಲ್ಲಿ ಮಾತ್ರ ಟೊಳ್ಳು ಸದ್ದು ಬರುತ್ತದೆ. ಕೊಂಬೆಗಳನ್ನಷ್ಟೇ ಸವರಿಸಿ ಇಂಥ ಮರವನ್ನು ಉಳಿಸಿಕೊಂಡವರು, ಅಥವಾ ಟೊಳ್ಳನ್ನು ಪರೀಕ್ಷಿಸಿ ಹೇಳಬಲ್ಲವರು ಶಿವಮೊಗ್ಗದ ಸುತ್ತಮುತ್ತ ಇದ್ದರೆ, ಮಳೆ ಹಿಡಿಯುವ ಮೊದಲೇ ದಯವಿಟ್ಟು ತಿಳಿಸಬೇಕಾಗಿ ವಿನಂತಿ.